ಹತ್ತು ದಿನದ ಟೈಮು

ಗುರುವಿಗೆ ಸಕ್ಕರೆ ಕಾಯಿಲೆ. ಆಶ್ರಮ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಹೆಸರು ನಂಜರಾಜೇ ಅರಸು. ನಲವತ್ತು ವರ್ಷದಿಂದ ಕ್ರಿಮಿನಲ್ ವಕೀಲರು.

ಶಿಷ್ಯ ಚಿದಂಬರ ಅವರ ಬಳಿ ಮೂರು ವರ್ಷ ಕಲಿತು, ಆರು ತಿಂಗಳ ಹಿಂದೆ ಸ್ವಂತ ಆಫೀಸು ತೆರೆದಿದ್ದ. ಆಫೀಸು ನಡೆಸುವುದು ಹೇಗೆಂದು ಹೊಸ ವಕೀಲರಿಗೆ ಕಲಿಸುವ ಎರಡು ದಿನದ ತರಬೇತಿಗೂ ಹೋಗಿ ಬಂದಿದ್ದ. ಊಟ ಚೆನ್ನಾಗಿತ್ತು. ಬಂದ ಕೇಸನ್ನು ಬಿಡಬೇಡಿ ಎಂದು ಭಾಷಣಕಾರರು ಹೇಳಿದ್ದರು. ಚಿದಂಬರ ಯಾವುದನ್ನೂ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅವನು ಗುರುಗಳ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ.

"ಕೂತ್ಕೊಳ್ಳಯ್ಯಾ. ಮುಖ ಯಾಕೆ ಹಾಗಿದೆ? ಕೇಸು ಗೆದ್ದುಬಿಟ್ಟೆಯಾ?"

"ಸರ್, ಒಬ್ಬನೇ ಎರಡು ಕೋರ್ಟಿನಲ್ಲಿ ಇರೋದು ಹೇಗೆ?"

"ಇರೋಕಾಗಲ್ಲ. ಮುಂದಿನದು ಕೇಳು."

"ಜವರಯ್ಯ ಅಂತ, ಆಟೋ ಓಡಿಸ್ತಾನೆ. ಹೊಡೆದಾಟದ ಕೇಸಲ್ಲಿ ಜೈಲಲ್ಲಿದ್ದಾನೆ. ಸೋಮವಾರ ಅವನ ಬೇಲ್ ಅರ್ಜಿ ಇತ್ತು. ಅದೇ ಹೊತ್ತಿಗೆ ಮೇಲಿನ ಕೋರ್ಟ್ ಹಾಲಿನಲ್ಲಿ ನನ್ನ ದೊಡ್ಡ ಪಾರ್ಟಿಯ ಸಿವಿಲ್ ಕೇಸು. ಅದಕ್ಕೆ ಬೇಲ್ ಅರ್ಜಿ ಮುಂದಕ್ಕೆ ಹಾಕಿ ಅಂತ ಟೈಮ್ ತಗೊಂಡೆ. ಹತ್ತೇ ದಿನ."

"ಯಾರ ಟೈಮು?"

ಟೈಮ್ ಕೊಡಿ ಎಂಬುದು ಕೋರ್ಟಿನಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು. ಟೈಮು ಜಡ್ಜಿನದು ಎಂದೇ ಚಿದಂಬರ ತಿಳಿದಿದ್ದ.

"ಬೇಲ್‌ಗೆ ಕಾರಣ ಏನು ಬರೆದಿದ್ದೆ?"

"ತಾಯಿ ಆಸ್ಪತ್ರೆಯಲ್ಲಿದ್ದಾರೆ, ಕೊನೆಯ ಹಂತ, ನೋಡಿಕೊಳ್ಳಲು ಇವನೊಬ್ಬನೇ ಮಗ ಅಂತ."

"ಹೇಗಿದ್ದಾಳೆ?"

"ಇವತ್ತು ಬೆಳಿಗ್ಗೆ ತೀರಿಕೊಂಡರು, ಸರ್. ಅವನಿಗಿನ್ನೂ ಗೊತ್ತಿಲ್ಲ."

ಗುರುಗಳು ಕನ್ನಡಕ ತೆಗೆದರು. ಚಿದಂಬರ ಉಪದೇಶಕ್ಕೆ ಕಾದ. ಬಂದದ್ದು ಒಂದು ಬಿಳಿ ಹಾಳೆ.

"ತಾಯಿಯ ಮಣ್ಣಿಗೆ ಹೋಗೋಕೆ ಅವನಿಗೆ ಅನುಮತಿ ಕೊಡಿ ಅಂತ ಅರ್ಜಿ ಬರಿ."

ಬರೆದ. ಎರಡು ಸಲ ಹೆಸರೇ ತಪ್ಪಾಯಿತು. ಸಹಿ ಹಾಕಿದ ಮೇಲೆ ಗುರುಗಳ ಗುಮಾಸ್ತರು ಅದನ್ನು ಹಿಡಿದು ಕೋರ್ಟಿಗೆ ಓಡಿದರು.

"ಅನುಮತಿ ಸಿಗುತ್ತಾ, ಸರ್?"

"ನೋಡೋಣ. ಏಳು, ಜೈಲಿಗೆ ಹೋಗಿ ಬರೋಣ."

"ಅರ್ಜಿಗೆ ನನ್ನ ಸಹಿ ಸಾಕಲ್ವಾ? ಜೈಲಿಗೆ ಯಾಕೆ?"

"ಸಾಕು. ಆದರೂ ನಡಿ."

ಜಾಲರಿಯ ಆಚೆ ಜವರಯ್ಯ ನಗುತ್ತಲೇ ಬಂದ. ದೂರದಿಂದಲೇ ಕೈ ಮುಗಿದ.

"ಇಬ್ಬಿಬ್ರು ಲಾಯರು ಬಂದವ್ರೆ ಅಂದ್ರೆ ಬೇಲ್ ಆಗೋಯ್ತು ಅನ್ನಿ! ಅವ್ವಂಗೆ ಹೇಳಿದ್ರಾ, ಸ್ವಾಮಿ?"

ಚಿದಂಬರ ಗುರುಗಳ ಕಡೆ ತಿರುಗಿ ಪಿಸುಗುಟ್ಟಿದ.

"ಸರ್, ನೀವೇ ಹೇಳಿಬಿಡಿ. ದಮ್ಮಯ್ಯ."

ಗುರುಗಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದರು.

"ವಕಾಲತ್ತು ನಿನ್ನದಯ್ಯಾ."