ಕಂಡಕ್ಟರಮ್ಮ ಸ್ಪೇನಿನಲ್ಲಿ ನಡೆದದ್ದು

ಶಿಷ್ಯ ಕೇಳಿದ: "ಗುರುಗಳೇ, ಒಂದೇ ಸಂಗತಿಯನ್ನು ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ಹಳಿಯುತ್ತಾರೆ. ಇಬ್ಬರೂ ಕಣ್ಣಾರೆ ಕಂಡವರೇ. ನಾನು ಯಾರ ಮಾತನ್ನು ನಂಬಲಿ?"

ಗುರುಗಳು ಈ ಕತೆಯನ್ನು ಹೇಳಿದರು.

ಒಂದೂರಿನಲ್ಲಿ ಒಬ್ಬ ಹೆಂಗಸು ಬಸ್ ಕಂಡಕ್ಟರ್ ಆಗಿದ್ದಳು. ಹೆಸರು ದ್ಯಾಮವ್ವ. ಹತ್ತೊಂಬತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ದುಡಿದವಳು. ಒಂದು ದಿನ ಬಸ್ಸು ರಸ್ತೆ ಬಿಟ್ಟು ಹಳ್ಳಕ್ಕೆ ಉರುಳಿತು. ಉಳಿದವರೆಲ್ಲ ಮೈ ಕೊಡವಿಕೊಂಡು ಎದ್ದರು. ದ್ಯಾಮವ್ವ ಏಳಲಿಲ್ಲ. ಬೆನ್ನುಮೂಳೆಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು.

ತಂಗಿ ಗುರವ್ವ ಅವಳನ್ನು ತನ್ನ ಮನೆಗೆ ಕರೆದುಕೊಂಡು ಬಂದಳು. ಗುರವ್ವನದು ಹಿಟ್ಟಿನ ಗಿರಣಿ. ಹಗಲೆಲ್ಲ ಅವಳು ಗಿರಣಿಯಲ್ಲಿರಬೇಕು. ಅಕ್ಕನಿಗೆ ಹೊತ್ತು ಹೋಗಲೆಂದು ಒಂದು ಫೋನು ಕೊಂಡು ಕೊಟ್ಟಳು. ಅದರ ಮ್ಯಾಪಿನಲ್ಲಿ ಬೀದಿಗಳ ಚಿತ್ರವಿರುತ್ತದೆ, ಬೆರಳು ಸರಿಸಿದರೆ ಬೀದಿಯಲ್ಲಿ ಮುಂದೆ ಮುಂದೆ ಹೋಗಬಹುದು ಎಂದು ತೋರಿಸಿದಳು.

ದ್ಯಾಮವ್ವ ಮೊದಲು ತನ್ನ ಬಸ್ಸಿನ ದಾರಿಯನ್ನೇ ಹಿಡಿದಳು. ಮೂರನೆಯ ಸ್ಟಾಪಿಗೆ ಬರುವಷ್ಟರಲ್ಲಿ ಅಳು ಬಂತು. ತನ್ನ ಗುರುತೇ ಇಲ್ಲದ ಊರು ಬೇಕೆನಿಸಿತು. ಸ್ಪೇನ್ ದೇಶದ ಕುಎಂಕಾ ಎಂಬ ಊರಿನ ಚಿತ್ರ ಕಣ್ಣಿಗೆ ಬಿತ್ತು. ಬಂಡೆಯ ಅಂಚಿನಲ್ಲಿ ಮನೆಗಳು, ಕೆಳಗೆ ಪ್ರಪಾತ. ಅಲ್ಲಿ ಇಳಿದಳು.

ಇಳಿದವಳಿಗೆ ದಾರಿ ಹೇಳುವವರು ಬೇಕಲ್ಲ. ಆ ದೇಶದ ಊರುಗಳಿಗೆ ಹೋಗಿ ಬಂದವರು ಮ್ಯಾಪಿನಲ್ಲಿ ಬರೆದಿಟ್ಟ ಅಭಿಪ್ರಾಯಗಳೇ ಅವಳಿಗೆ ದಾರಿ ತೋರಿದವು. ಫೋನೇ ಅವನ್ನು ಕನ್ನಡಕ್ಕೆ ತಿರುಗಿಸಿ ಕೊಡುತ್ತಿತ್ತು. ಈ ಮೆಟ್ಟಿಲು ಹತ್ತಿದರೆ ನದಿ ಕಾಣುತ್ತದೆ ಎಂದು ಒಬ್ಬರು ಬರೆದರೆ ಹತ್ತುತ್ತಿದ್ದಳು. ಆ ಓಣಿಯಲ್ಲಿ ಏನೂ ಇಲ್ಲ ಎಂದರೆ, ನೋಡಿಯೇ ಬಿಡೋಣ ಎಂದು ಅಲ್ಲಿಗೂ ಹೋಗುತ್ತಿದ್ದಳು. ಹೀಗೆ ರೋಂದಾ ಎಂಬ ಊರಿನ ಎತ್ತರದ ಸೇತುವೆ ದಾಟಿದಳು. ಊಬೆದಾ ಎಂಬ ಊರಿನ ಆಲಿವ್ ತೋಟಗಳನ್ನು ಬೇಲಿಯಾಚೆಯಿಂದ ನೋಡಿದಳು. ಒಂದು ಬೀದಿ ಮುಗಿದಾಗಲೆಲ್ಲ ಅವಳ ಬಾಯಿಂದ ತಾನಾಗಿ "ರೈಟ್" ಎಂದು ಬರುತ್ತಿತ್ತು.

ಬರೆದವರಲ್ಲಿ ಅನ್ಸೆಲ್ಮೋ ಎಂಬ ಒಬ್ಬನನ್ನು ಅವಳು ಬೇಗ ಗುರುತು ಹಿಡಿದಳು. ಎಲ್ಲರೂ ಚರ್ಚು, ಕೋಟೆ, ಊಟದ ಬಗ್ಗೆ ಬರೆದರೆ ಇವನು ಬೆಂಚುಗಳ ಬಗ್ಗೆ ಬರೆಯುತ್ತಿದ್ದ. "ಚೌಕದಿಂದ ಇನ್ನೂರು ಹೆಜ್ಜೆಗೆ ಕಲ್ಲಿನ ಬೆಂಚಿದೆ. ಹನ್ನೊಂದು ಗಂಟೆಯ ತನಕ ನೆರಳು. ನಾವು ಇಲ್ಲಿ ಕೂತೆವು." ಪ್ರತಿ ಊರಿಗೂ ಐದು ಸ್ಟಾರ್ ಕೊಟ್ಟಿರುತ್ತಿದ್ದ. ದ್ಯಾಮವ್ವ ಅವನು ಹೇಳಿದ ಬೆಂಚನ್ನು ಹುಡುಕಿ, ಅದರ ಮುಂದೆ ಚಿತ್ರವನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಹಾಗೇ ಇದ್ದು ಮುಂದೆ ಹೋಗುತ್ತಿದ್ದಳು. ಕೂತು ಎದ್ದ ಹಾಗೆಯೇ ಆಗುತ್ತಿತ್ತು.

ಒಂದು ದಿನ ಅವಳು ಒಂದು ಚಿಕ್ಕ ಊರಿಗೆ ಬಂದಳು. ಅಲ್ಲಿಯೂ ಅನ್ಸೆಲ್ಮೋ ಬರೆದಿದ್ದ. ಕೊಟ್ಟದ್ದು ಒಂದೇ ಸ್ಟಾರ್. "ಈ ಊರಿನಲ್ಲಿ ಏನೂ ಇಲ್ಲ. ಕೂರಲು ಜಾಗವಿಲ್ಲ. ನಾನು ಇನ್ನು ಮುಂದೆ ಎಲ್ಲಿಗೂ ಹೋಗುವುದಿಲ್ಲ, ಬರೆಯುವುದೂ ಇಲ್ಲ." ಕೆಳಗೆ ಜನ ಅವನನ್ನು ಗೇಲಿ ಮಾಡಿದ್ದರು. ಇಂಥ ಮುದುಕರು ಮನೆಯಲ್ಲೇ ಇರುವುದು ಒಳ್ಳೆಯದು ಎಂದು ಒಬ್ಬ ಬರೆದಿದ್ದ. ನಮ್ಮ ಊರಿಗೆ ನೀನು ಬರದಿದ್ದರೆ ನಷ್ಟವೇನೂ ಇಲ್ಲ ಎಂದು ಇನ್ನೊಬ್ಬ.

ದ್ಯಾಮವ್ವ ಮುಂದೆ ಹೋಗಲಿಲ್ಲ. ಅವನು ಮೊದಲಿನಿಂದ ಬರೆದದ್ದನ್ನೆಲ್ಲ ತೆಗೆದು, ತಾರೀಖಿನ ಪ್ರಕಾರ ಓದಿದಳು. ಹಳೆಯದರಲ್ಲಿ ಒಂದು ಬೆಂಚಿನಿಂದ ಇನ್ನೊಂದಕ್ಕೆ ಇನ್ನೂರು ಹೆಜ್ಜೆ. ಮರುವರ್ಷ ಎಂಬತ್ತು. ಆಮೇಲೆ ಮೂವತ್ತು. ಕಡೆಕಡೆಗೆ, "ಕಾರಿನಿಂದ ಹನ್ನೆರಡು ಹೆಜ್ಜೆ. ನಾವು ಇಲ್ಲಿಂದಲೇ ಊರನ್ನು ನೋಡಿದೆವು. ಚೆನ್ನಾಗಿ ಕಾಣುತ್ತದೆ." ಅದಾದ ಮೇಲೆ ಏಳು ತಿಂಗಳು ಏನೂ ಇಲ್ಲ. ಆಮೇಲೆ ಬಂದದ್ದು ಈ ಒಂದು ಸ್ಟಾರ್. ಅದರಲ್ಲಿ ‘ನಾವು’ ಎಂಬ ಮಾತು ಇರಲಿಲ್ಲ, ‘ನಾನು’ ಎಂದಿತ್ತು.

ಅವಳು ಫೋನನ್ನು ಎದೆಯ ಮೇಲೆ ಮಗುಚಿಟ್ಟುಕೊಂಡಳು. ಅವಳಿಗೆ ತನ್ನ ಬಸ್ಸಿನ ಒಬ್ಬ ಪ್ರಯಾಣಿಕ ನೆನಪಾದ. ಬಸ್ಸು ನಿಧಾನ ಹೋಗುತ್ತದೆಂದು ಅವನು ಡ್ರೈವರನ್ನೂ ಅವಳನ್ನೂ ಬಾಯಿಗೆ ಬಂದಂತೆ ಬೈದಿದ್ದ. ಅವಳು ಸೀಟಿ ಊದಿ, ಬಸ್ಸು ನಿಲ್ಲಿಸಿ, ನಡುದಾರಿಯಲ್ಲಿ ಅವನನ್ನು ಇಳಿಸಿದ್ದಳು. ಬಸ್ಸಿನವರೆಲ್ಲ ಭೇಷ್ ಎಂದಿದ್ದರು. ಅವನ ಮಗಳು ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಳೆಂಬುದು ಅವಳಿಗೆ ಎರಡು ದಿನದ ನಂತರ ತಿಳಿದಿತ್ತು. ಅವನು ಮತ್ತೆ ಆ ಬಸ್ಸು ಹತ್ತಲಿಲ್ಲ. ಯಾರ ಬಳಿಯೂ ಅವಳು ಈ ಮಾತು ಎತ್ತಿರಲಿಲ್ಲ.

ಸಂಜೆ ಗುರವ್ವ ಬಂದಾಗ ದ್ಯಾಮವ್ವ ಅನ್ಸೆಲ್ಮೋನ ಸಂಗತಿ ಹೇಳಿದಳು. ಜೊತೆಗೆ ನಡೆಯುತ್ತಿದ್ದ ಹೆಂಡತಿ ತೀರಿಕೊಂಡಿರಬೇಕು, ಅವನಿಗೆ ನಾಲ್ಕು ಸಾಲು ಬರೆಯಬೇಕು ಎಂದಳು.

"ಅಕ್ಕಾ, ಅವನ್ಯಾರೋ, ಯಾವ ದೇಶದವನೋ," ಎಂದಳು ಗುರವ್ವ. "ಹೆಂಡತಿ ಹೋಗಿದ್ದಾಳೆಂದು ನೀನೇ ಅಂದುಕೊಂಡರೆ ಆಯಿತೇ? ಅವಳು ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಇದ್ದರೆ?"

"ಇದ್ದರೆ ಇನ್ನೂ ನಾಲ್ಕು ಬೈಸಿಕೊಳ್ಳುತ್ತೇನೆ. ಬೈಗುಳ ನನಗೆ ಹೊಸದೇ? ಈ ಸಲ ಮಾತ್ರ ನಡುದಾರಿಯಲ್ಲಿ ಇಳಿಸಲಾರೆ."

ಕೊನೆಯ ಮಾತು ಗುರವ್ವನಿಗೆ ಅರ್ಥವಾಗಲಿಲ್ಲ. ಆದರೂ ಅಕ್ಕನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ದ್ಯಾಮವ್ವ ಹೆಂಡತಿಯ ಮಾತು ತೆಗೆಯಲಿಲ್ಲ. ಇಷ್ಟೇ ಬರೆದಳು: "ಅಣ್ಣಾ, ನಾನು ಇಂಡಿಯಾದವಳು. ನನ್ನ ಕಾಲುಗಳು ನಡೆಯುವುದಿಲ್ಲ. ಮಂಚದ ಮೇಲಿಂದಲೇ ನಿಮ್ಮ ಊರುಗಳನ್ನು ಸುತ್ತುತ್ತಿದ್ದೇನೆ. ನೀವು ಬರೆದ ಪ್ರತಿಯೊಂದು ಬೆಂಚಿನ ಮೇಲೂ ಕೂತಿದ್ದೇನೆ. ನೀವು ಬರೆಯುವುದು ನಿಲ್ಲಿಸಿದರೆ ನನಗೆ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ." ಕೆಳಗೆ ತನ್ನ ಹೆಸರು ಹಾಕಿದಳು. ಫೋನು ಅದನ್ನು ಅವನ ಭಾಷೆಗೆ ತಿರುಗಿಸಿತು.

ಒಂದು ವಾರ ಕಳೆಯಿತು, ಉತ್ತರವಿಲ್ಲ. ತಾನು ಯಾವುದೋ ಗಾಯಕ್ಕೆ ಕೈ ಹಾಕಿದೆನೇನೋ ಎಂದು ದ್ಯಾಮವ್ವನಿಗೆ ಊಟ ಸೇರದಾಯಿತು. ಫೋನಿನ ಬೀದಿಗಳಲ್ಲಿ ನಡೆಯುವುದನ್ನೂ ಬಿಟ್ಟಳು. ಹನ್ನೊಂದನೆಯ ದಿನ ಉತ್ತರ ಬಂತು.

"ತಾಯಿ, ಅವಳು ಹೋಗಿ ಆರು ತಿಂಗಳಾಯಿತು. ನಲವತ್ತೆರಡು ವರ್ಷ ಜೊತೆಗೆ ನಡೆದವಳು. ಈಗಲೂ ಯಾವ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಬೆಂಚನ್ನೇ ಹುಡುಕುತ್ತದೆ. ಯಾರಿಗಾಗಿ ಹುಡುಕುತ್ತಿದ್ದೇನೆ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟನ್ನು ಊರಿನ ಮೇಲೆ ಹಾಕಿದೆ. ನಿಮಗೆ ಎಷ್ಟು ಹೆಜ್ಜೆಗೆ ಒಂದು ಬೆಂಚು ಬೇಕು?"

ದ್ಯಾಮವ್ವ ಆ ಸಾಲುಗಳನ್ನು ತಂಗಿಯಿಂದ ಮತ್ತೊಮ್ಮೆ ಗಟ್ಟಿಯಾಗಿ ಓದಿಸಿದಳು. ಆಮೇಲೆ ದ್ಯಾಮವ್ವ ಉತ್ತರ ಬರೆದಳು: "ಲೆಕ್ಕವಿಲ್ಲ ಅಣ್ಣಾ. ನೀವು ಸುಸ್ತಾದ ಕಡೆಯೇ ನಾನೂ ಕೂರುತ್ತೇನೆ."

ಅನ್ಸೆಲ್ಮೋ ಆ ಚಿಕ್ಕ ಊರಿಗೆ ಇನ್ನೊಮ್ಮೆ ಹೋದ. ಬೈದು ಬರೆದದ್ದನ್ನು ಅಳಿಸಲಿಲ್ಲ. ಅದರ ಕೆಳಗೇ ಸೇರಿಸಿದ: "ಮಾರುಕಟ್ಟೆಯ ಹಿಂಬದಿಗೆ ಒಂದು ಮರದ ಬೆಂಚಿದೆ. ಕೈ ಊರಲು ಒಂದು ಕಡೆ ಮಾತ್ರ ಆಸರೆಯಿದೆ. ಪಕ್ಕದಲ್ಲಿ ನಲ್ಲಿ. ಮಧ್ಯಾಹ್ನ ಪೂರ್ತಿ ನೆರಳು. ನಾವು ಇಲ್ಲಿ ಕೂತೆವು."

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಗುರುಗಳೇ, ಕತೆ ಮನಸ್ಸಿಗೆ ತಟ್ಟಿತು. ಆದರೆ ಆ ಚಿಕ್ಕ ಊರು ನಿಜವಾಗಿ ಒಳ್ಳೆಯದೋ ಕೆಟ್ಟದ್ದೋ, ಅದನ್ನು ನೀವು ಹೇಳಲೇ ಇಲ್ಲ."

"ಬೈದವನ ಪಕ್ಕದಲ್ಲಿ ಹೋಗಿ ಕೂತು ಬಾ, ಆಮೇಲೂ ಕೇಳಬೇಕೆನಿಸಿದರೆ ಹೇಳುತ್ತೇನೆ," ಎಂದರು ಗುರುಗಳು.