ಸುಣ್ಣದ ಕಾಲು

ಇದು ನಡೆದದ್ದು ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಪವಿತ್ರ ಗುರುವಾರ.

ಹೊಳೆಯ ದಡದಲ್ಲಿ ಒಂದು ಕ್ರೈಸ್ತ ಆಶ್ರಮ. ಹಂಚಿನ ಗುಡಿ, ಎರಡು ಕೋಣೆ, ಒಂದು ಬಾವಿ. ಗುರುಗಳ ಹೆಸರು ಆರೋಗ್ಯಸ್ವಾಮಿ. ಶಿಷ್ಯನ ಹೆಸರು ಇನ್ನಾಸ. ಓದಿದ ಹುಡುಗ, ಅಚ್ಚುಕಟ್ಟಿನವನು. ಬಂದು ಮೂರು ವರ್ಷವಾಗಿತ್ತು. ಬರುವ ಭಾನುವಾರ, ಹಬ್ಬದ ದಿನ, ಅವನು ಸನ್ಯಾಸದ ವ್ರತ ತೆಗೆದುಕೊಳ್ಳುವುದಿತ್ತು.

ಆ ಆಶ್ರಮದಲ್ಲಿ ಒಂದು ಪದ್ಧತಿ. ವ್ರತ ತೆಗೆದುಕೊಳ್ಳುವವನು ಊರವರ ಎದುರು ನಿಂತು ಎರಡು ಮಾತು ಹೇಳಬೇಕು. ಯೇಸುಸ್ವಾಮಿಗಾಗಿ ತಾನು ಬಿಟ್ಟದ್ದೇನು, ತನಗೆ ಸಿಕ್ಕಿದ್ದೇನು. ಅವನ ಮನೆಯವರು ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತು ಕೇಳಬೇಕು.

"ಏನು ಹೇಳುತ್ತೀಯ?" ಎಂದು ಬೆಳಗ್ಗೆ ಗುರುಗಳು ಕೇಳಿದರು.

ಇನ್ನಾಸ ಸಿದ್ಧನಾಗಿದ್ದ. "ಕೆಲಸ ಬಂದಿತ್ತು, ಬಿಟ್ಟೆ. ಮದುವೆಯ ಮಾತು ನಡೆದಿತ್ತು, ಬಿಟ್ಟೆ. ಮನೆ ಬಿಟ್ಟೆ. ಸಿಕ್ಕಿದ್ದು ಶಾಂತಿ."

"ಚೆನ್ನಾಗಿದೆ. ನಿನ್ನ ಕಡೆಯವರಿಗೆ ಎಷ್ಟು ಚಾಪೆ ಹಾಕಿಸಲಿ?"

"ಬೇಡ ಸ್ವಾಮಿ. ಅವ್ವ ನಾನು ಚಿಕ್ಕವನಿದ್ದಾಗಲೇ ಹೋದಳು. ಅಪ್ಪನೂ ತೀರಿಕೊಂಡರು. ಸೇರುವಾಗಲೇ ಹೇಳಿದ್ದೆನಲ್ಲ."

"ಹೌದು, ಹೇಳಿದ್ದೆ," ಎಂದರು ಗುರುಗಳು.

ಅಂದು ಸಂಜೆ ಪಾದ ತೊಳೆಯುವ ವಿಧಿ. ಯೇಸುಸ್ವಾಮಿ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದ ನೆನಪಿಗೆ ಗುರುಗಳು ಊರಿನ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಜನರನ್ನು ಆರಿಸುವ ಕೆಲಸ ಇನ್ನಾಸನದು. ಅವನು ಮರ್ಯಾದಸ್ಥರನ್ನೇ ಆರಿಸಿದ್ದ. ಸೋಪು ಹಚ್ಚಿ ಕಾಲು ತೊಳೆದುಕೊಂಡೇ ಬರಬೇಕೆಂದು ಎಲ್ಲರಿಗೂ ಹೇಳಿದ್ದ.

ಮಧ್ಯಾಹ್ನ ಸುಣ್ಣದ ಗಾಡಿ ಬಂತು. ಹಬ್ಬಕ್ಕೆ ಗುಡಿಗೆ ಸುಣ್ಣ ಬಳಿಯಬೇಕು. ಪ್ರತಿ ವರ್ಷ ಸುಣ್ಣ ಪೇಟೆಯಿಂದ ಬರುತ್ತಿತ್ತು. ಈ ವರ್ಷ ಗುರುಗಳು ಆಚೆ ತಾಲ್ಲೂಕಿನ, ಸುಣ್ಣದ ಕಲ್ಲು ಸುಡುವ ಗೂಡಿಗೇ ಹೇಳಿ ಕಳಿಸಿದ್ದರು.

ಗಾಡಿಯವನು ಇಳಿದು, ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ಇನ್ನಾಸ ಬಾವಿಯಲ್ಲಿ ನೀರು ಸೇದುತ್ತಿದ್ದ; ರಾಟೆಯ ಸದ್ದಿನಲ್ಲಿ ಗಾಡಿ ಬಂದದ್ದು ಕೇಳಿಸಿರಲಿಲ್ಲ. ತಿರುಗಿ ನೋಡಿದ. ಹಗ್ಗ ಕೈಯಲ್ಲೇ ನಿಂತಿತು.

ಅದು ಚೌರಪ್ಪ. ಅವನ ಅಪ್ಪ.

ಚೌರಪ್ಪನ ಮುಖ ಅರಳಿತು. ಮುಂದೆ ಬಂದ. ಬಾಯಿ ತೆರೆಯುವಷ್ಟರಲ್ಲಿ, ಸುಣ್ಣ ಇಳಿಸಿಕೊಳ್ಳಲು ನಿಂತಿದ್ದ ದಾವಿದ ಮೇಷ್ಟ್ರು ಮಾತು ತೆಗೆದರು.

"ನೋಡಯ್ಯ, ಇವನೇ ನಮ್ಮ ಇನ್ನಾಸ. ಭಾನುವಾರ ವ್ರತ. ಪಾಪ, ಅಪ್ಪ ಅವ್ವ ಇಬ್ಬರೂ ಇಲ್ಲ. ಎಲ್ಲಾ ಬಿಟ್ಟು ದೇವರ ಕಡೆ ಬಂದವನು."

ಚೌರಪ್ಪ ನಿಂತ. ಇನ್ನಾಸನನ್ನು ನೋಡಿದ. ಇನ್ನಾಸ ಬಾವಿಯೊಳಗೆ ನೋಡಿದ.

"ಅಪ್ಪ ಇಲ್ವಾ?" ಎಂದ ಚೌರಪ್ಪ. "ಅಯ್ಯೋ. ಯಾವಾಗ ಹೋದ್ರಪ್ಪಾ?"

"ಮೂರು ವರ್ಷ ಆಯಿತು," ಎಂದ ಇನ್ನಾಸ.

"ಏನಾಗಿತ್ತು?"

ಇನ್ನಾಸ ಹಗ್ಗ ಎಳೆದ. ಮೇಷ್ಟ್ರೇ ಹೇಳಿದರು. "ಎದೆನೋವಂತೆ."

"ಇರಬಹುದು," ಎಂದ ಚೌರಪ್ಪ. "ಅದು ಇದ್ದೇ ಇರ್ತದೆ."

ಮಂಕರಿ ತಲೆಗೇರಿಸಿಕೊಂಡು ಸುಣ್ಣ ಇಳಿಸಲು ಹೋದ.

ಇನ್ನಾಸನ ಕಾಲೇಜಿನ ದಿನಗಳಲ್ಲಿ ಅಪ್ಪ ಒಮ್ಮೆ ಹಾಸ್ಟೆಲಿಗೆ ಬಂದಿದ್ದ. ಅವನು ನಡೆದಲ್ಲೆಲ್ಲ ಕೆಂಪು ಗಾರೆಯ ನೆಲದ ಮೇಲೆ ಬಿಳಿ ಹೆಜ್ಜೆ ಮೂಡಿತ್ತು. ಯಾರೋ ಅದು ಎಂದು ಗೆಳೆಯರು ಕೇಳಿದರು. ಊರಿನ ಆಳು ಎಂದಿದ್ದ ಇನ್ನಾಸ. ಅಪ್ಪ ಹೋದ ಮೇಲೆ ಒದ್ದೆ ಬಟ್ಟೆ ತಂದು ಆ ಹೆಜ್ಜೆಗಳನ್ನು ಒಂದೊಂದಾಗಿ ಒರೆಸಿದ್ದ.

ಸಂಜೆ ಹನ್ನೊಂದು ಜನ ಬಂದು ಗುಡಿಯ ಬೆಂಚಿನ ಮೇಲೆ ಕೂತರು. ಹನ್ನೆರಡನೆಯವನಿಗೆ ಜ್ವರ.

ಗುರುಗಳು ಅಂಗಳಕ್ಕೆ ಬಂದರು. ಚೌರಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದ.

"ಬಾರಪ್ಪ, ಒಬ್ಬರು ಕಮ್ಮಿ ಬಿದ್ದಿದ್ದಾರೆ. ನಿನ್ನ ಕಾಲು ಕೊಡು."

"ನನ್ ಕಾಲಾ?" ಚೌರಪ್ಪ ನಕ್ಕ. "ಇದ್ನ ತೊಳೆದ್ರೆ ಆ ನೀರಲ್ಲೇ ನಿಮ್ ಗುಡಿಗೆ ಒಂದು ಸುತ್ತು ಬಳೀಬಹುದು ಸ್ವಾಮಿ. ತೊಳ್ಕಂಡು ಬರ್ತೀನಿ, ತಡೀರಿ."

"ತೊಳೆಯುವುದು ನಮ್ಮ ಕೆಲಸ. ಬಾ."

ಗುರುಗಳು ಸೊಂಟಕ್ಕೆ ಟವೆಲು ಸುತ್ತಿ, ತಟ್ಟೆ ಹಿಡಿದು ಮಂಡಿಯೂರಿದರು. ಇನ್ನಾಸ ಪಕ್ಕದಲ್ಲಿ ನಿಂತು ಚೊಂಬಿನಿಂದ ನೀರು ಹುಯ್ಯುತ್ತಾ ಬಂದ. ಮೇಷ್ಟ್ರ ಕಾಲಾಯಿತು, ಅಂಗಡಿಯವರ ಕಾಲಾಯಿತು. ಹನ್ನೊಂದು ಜನರದಾದರೂ ತಟ್ಟೆಯ ನೀರು ತಿಳಿಯಾಗಿಯೇ ಇತ್ತು.

"ಒಳ್ಳೇ ಕಾಲುಗಳನ್ನು ಹುಡುಕಿದ್ದೀಯ," ಎಂದರು ಗುರುಗಳು.

ಆಮೇಲೆ ಬೆಂಚಿನ ಕೊನೆಗೆ ಬಂದರು.

ಆ ಕಾಲುಗಳನ್ನು ಇನ್ನಾಸ ಬಲ್ಲ. ಹಿಮ್ಮಡಿಯ ತುಂಬ ಬಿರುಕು. ಎಡಗಾಲ ಹೆಬ್ಬೆರಳಿಗೆ ಉಗುರಿಲ್ಲ. ಬಿರುಕುಗಳೊಳಗೆ ಈಗಷ್ಟೇ ಇಳಿಸಿದ ಸುಟ್ಟ ಸುಣ್ಣದ ಪುಡಿ.

ಸುಟ್ಟ ಸುಣ್ಣಕ್ಕೆ ನೀರು ತಗುಲಿದರೆ ಕುದಿಯುತ್ತದೆ. ಬಿರುಕು ಬಿಟ್ಟ ಕಾಲಿನಲ್ಲಿ ಕುದಿದರೆ ಮಾಂಸ ಸುಡುತ್ತದೆ. ಗೂಡಿನವರು ಕಾಲಿಗೆ ಮೊದಲು ಎಣ್ಣೆ ಹಚ್ಚುತ್ತಾರೆ, ಬಟ್ಟೆಯಿಂದ ಒರೆಸುತ್ತಾರೆ, ಆಮೇಲೆ ನೀರು. ಬೆಂಚಿನ ಮೇಲಿದ್ದ ಹನ್ನೊಂದು ಜನರಿಗೆ ಇದು ಗೊತ್ತಿಲ್ಲ. ಗೂಡಿನ ಮನೆಯಲ್ಲಿ ಬೆಳೆದವನಿಗೆ ಗೊತ್ತು. ಚಿಕ್ಕವನಿದ್ದಾಗ ದಿನವೂ ಸಂಜೆ ಅಪ್ಪನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದವನೇ ಇನ್ನಾಸ.

ಈಗ ಅದನ್ನು ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ.

ಅಪ್ಪ ಅವನ ಮುಖವನ್ನೇ ನೋಡುತ್ತಿದ್ದ.

"ಹುಯ್ಯಪ್ಪ," ಎಂದ ಮೆಲ್ಲಗೆ. "ಪರವಾಗಿಲ್ಲ."

ಇನ್ನಾಸ ಹುಯ್ದ.

ಕಾಲಿನ ಬೆರಳುಗಳು ಮುದುಡಿದವು. ಚೌರಪ್ಪ ಎರಡೂ ಕೈಯಲ್ಲಿ ಬೆಂಚಿನ ಅಂಚನ್ನು ಹಿಡಿದುಕೊಂಡ. ಬಾಯಿ ಬಿಡಲಿಲ್ಲ. ತಟ್ಟೆಯ ನೀರು ಹಾಲಿನಂತೆ ಬೆಳ್ಳಗಾಯಿತು.

ಗುರುಗಳು ತಮ್ಮ ಅಂಗೈ ನೋಡಿಕೊಂಡರು.

"ನೀರು ಬೆಚ್ಚಗಾಗುತ್ತಿದೆಯಲ್ಲ ಇನ್ನಾಸ. ಇನ್ನಷ್ಟು ಹುಯ್ಯಿ."

ಚೊಂಬು ಬಾಗಲಿಲ್ಲ.

"ಹುಯ್ಯಿ."

"ಎಣ್ಣೆ," ಎಂದ ಇನ್ನಾಸ. ಅವನ ಧ್ವನಿ ಅವನಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದ. "ಮೊದಲು ಎಣ್ಣೆ ಹಚ್ಚಬೇಕು ಸ್ವಾಮಿ. ನೀರು ಹಾಕಬಾರದಿತ್ತು. ಸುಡುತ್ತದೆ."

"ನಿನಗೆ ಹೇಗೆ ಗೊತ್ತು?"

ಹನ್ನೊಂದು ಜನ ತಿರುಗಿ ನೋಡಿದರು.

"ಇದು ನಮ್ಮಪ್ಪನ ಕಾಲು."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ನಿಮ್ಮಪ್ಪ ಹೋಗಿ ಮೂರು ವರ್ಷ ಆಯಿತು ಅಂದೆಯಲ್ಲೋ!"

"ಹೋಗಿದ್ದೆ ಮೇಷ್ಟ್ರೇ," ಎಂದ ಚೌರಪ್ಪ. "ಕಾಲು ಉರಿದಾಗ ಎಚ್ಚರ ಆಯ್ತು."

ಯಾರೂ ನಗಲಿಲ್ಲ.

ಗುರುಗಳು ಎದ್ದರು. ಸೊಂಟದ ಟವೆಲು ಬಿಚ್ಚಿ ಇನ್ನಾಸನ ಹೆಗಲ ಮೇಲೆ ಹಾಕಿದರು. ಅವನ ಕೈಯಿಂದ ಚೊಂಬು ತೆಗೆದುಕೊಂಡರು. ಪೀಠದ ಮುಂದಿನ ದೀಪ ಆರಿಸಿ, ಅದರ ಎಣ್ಣೆಯನ್ನು ತಂದು ಅವನ ಮುಂದಿಟ್ಟರು.

ಇನ್ನಾಸ ಮಂಡಿಯೂರಿದ. ಎಣ್ಣೆ ಹಚ್ಚಿದ. ಬಿರುಕು ಬಿರುಕಿಗೂ ಬೆರಳು ಹಾಕಿ ಒರೆಸಿದ. ಕೈಗೆ ಹಳೆಯ ಅಭ್ಯಾಸ ಮರೆತಿರಲಿಲ್ಲ. ತಲೆಯೆತ್ತಲು ಮಾತ್ರ ಆಗಲಿಲ್ಲ.

"ಸಾಕು ಬಿಡೋ," ಎಂದ ಚೌರಪ್ಪ. "ಜನ ನೋಡ್ತಾವ್ರೆ."

ಆಮೇಲೆ ಗುರುಗಳು ನೀರು ಹುಯ್ದರು.

ಪೂಜೆ ಮುಗಿದು ಎಲ್ಲರೂ ಹೊರಗೆ ಬಂದರು. ಇನ್ನಾಸ ಗುರುಗಳ ಮುಂದೆ ನಿಂತ.

"ಭಾನುವಾರ ಏನು ಹೇಳುತ್ತೀಯ?" ಎಂದು ಅವರು ಕೇಳಿದರು. ಬೆಳಗಿನದೇ ಧ್ವನಿ.

"ಕೆಲಸ, ಮದುವೆ ಅದೆಲ್ಲ ಲೆಕ್ಕಕ್ಕಿಲ್ಲ ಸ್ವಾಮಿ. ನಾನು ನಿಜವಾಗಿ ಬಿಟ್ಟದ್ದು ಅವನೊಬ್ಬನನ್ನೇ. ಅದೂ ದೇವರಿಗಾಗಿ ಅಲ್ಲ."

"ಮತ್ತೆ?"

"ನಾಚಿಕೆಗೆ."

"ನಾಚಿಕೆಗೆ ಕೊಟ್ಟದ್ದನ್ನು ದೇವರ ಹೆಸರಿಗೆ ಹಾಕಿದ್ದೆ."

"ಹೌದು ಸ್ವಾಮಿ."

"ಸಿಕ್ಕಿದ್ದು?"

ಇನ್ನಾಸ ತನ್ನ ಕೈ ನೋಡಿಕೊಂಡ. ಎಣ್ಣೆಗೆ ಸುಣ್ಣ ಮೆತ್ತಿಕೊಂಡಿತ್ತು. "ಶಾಂತಿ ಅಂದಿದ್ದೆ. ಅದು ಸುಳ್ಳು. ಮೂರು ವರ್ಷವೂ ಸುಣ್ಣದ ಗಾಡಿಯ ಸದ್ದು ಕೇಳಿದರೆ ಒಳಗೆ ಓಡುತ್ತಿದ್ದೆ."

"ಓಡುವುದನ್ನು ನಾನೂ ನೋಡಿದ್ದೆ," ಎಂದರು ಗುರುಗಳು.

"ಭಾನುವಾರ ನಾನು ವ್ರತ ತೆಗೆದುಕೊಳ್ಳಲಾರೆ," ಎಂದ ಇನ್ನಾಸ. ಮೂರು ವರ್ಷ ಅವನು ಕಾದಿದ್ದು ಆ ದಿನಕ್ಕೆ. "ಅಪ್ಪನಿಗೆ ವಯಸ್ಸಾಯಿತು. ಗೂಡಿನಲ್ಲಿ ಒಬ್ಬನೇ. ಹೋಗಿ ಒಂದು ವರ್ಷ ಕಲ್ಲು ಸುಡುತ್ತೇನೆ. ಆಮೇಲೆ ಅವನು ಕಳಿಸಿದರೆ ಬರುತ್ತೇನೆ."

ಎತ್ತು ಹೂಡುತ್ತಿದ್ದ ಚೌರಪ್ಪನಿಗೆ ಅದು ಕೇಳಿಸಿತು.

"ಏಯ್, ಹುಚ್ಚಾ! ವ್ರತ ಬಿಡಬ್ಯಾಡ. ಭಾನುವಾರ ನಾನು ಹಿಂದ್ಗಡೆ, ಆ ಕಂಬದ ಮರೇಲಿ ನಿಂತ್ಕತೀನಿ. ಯಾರಿಗೂ ಕಾಣಾಕಿಲ್ಲ."

ಇನ್ನಾಸನಿಗೆ ಅಂದು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಆ ಮಾತು. ಅವನು ಒಳಗೆ ಹೋಗಿ ತನ್ನ ಎರಡು ಜೊತೆ ಬಟ್ಟೆ ತಂದ. ಅಪ್ಪನ ತೋಳು ಹಿಡಿದು ಗಾಡಿಗೆ ಹತ್ತಿಸಿದ. ಹಗ್ಗ ತಾನೇ ಹಿಡಿದ.

ಗುರುಗಳು ಕೈಯೆತ್ತಿ ಶಿಲುಬೆಯ ಗುರುತು ಹಾಕಿದರು. ಗಾಡಿ ಹೊಳೆಯ ದಾರಿ ಹಿಡಿಯಿತು.

ಗುಡಿಯ ನೆಲದ ಮೇಲೆ ಬಾಗಿಲಿನಿಂದ ಬೆಂಚಿನವರೆಗೆ ಬಿಳಿ ಹೆಜ್ಜೆಗಳಿದ್ದವು. ಮೇಷ್ಟ್ರು ಒದ್ದೆ ಬಟ್ಟೆ ತಂದು ಬಗ್ಗಿದರು.

"ಇರಲಿ ಬಿಡಿ," ಎಂದರು ಗುರುಗಳು.

ಮೇಷ್ಟ್ರು ಬಟ್ಟೆ ಹಿಂಡಿದರು. ಅವರಿಗೆ ಸಮಾಧಾನವಿರಲಿಲ್ಲ. "ಅಷ್ಟು ದೊಡ್ಡ ಸುಳ್ಳು ಹೇಳಿದ ಹುಡುಗ. ಮತ್ತೆ ಬಂದರೆ ಸೇರಿಸಿಕೊಳ್ಳುತ್ತೀರಾ ಸ್ವಾಮಿ?"

ಗುರುಗಳು ಆರಿದ ದೀಪಕ್ಕೆ ಎಣ್ಣೆ ತುಂಬುತ್ತಿದ್ದರು.

"ಮುಂದಿನ ಪಾಸ್ಕಕ್ಕೆ ನೆನಪಿಡಿ ಮೇಷ್ಟ್ರೇ. ಮುಂದಿನ ಸಾಲಿನಲ್ಲಿ, ಇನ್ನಾಸನ ಕಡೆಯವರಿಗೆ, ಚಾಪೆ ಒಂದು."