ಚೀಲದೊಳಗಿನ ನೇರಳೆ

ಕೂಲಿಯವರು ಪ್ಲಾಸ್ಟಿಕ್ ಚೀಲವನ್ನು ಹರಿಯದೆಯೇ ನೇರಳೆ ಸಸಿಯನ್ನು ಬೋಳು ಬೆಟ್ಟದ ಮೇಲೆ ನೆಟ್ಟರು. "ಹರಿಯುತ್ತ ಕೂರಬೇಡಿ, ಮಳೆಗೆ ಮುಂಚೆ ಗುಂಡಿ ಮುಚ್ಚಿ" ಎಂದು ಮೇಸ್ತ್ರಿ ಅವಸರಪಡಿಸಿದ. ನೆಡುವುದು ಮುಗಿದ ದಿನವೇ ಕೂಲಿಯವರನ್ನೆಲ್ಲ ಊರಿಗೆ ಕಳಿಸಿದ. ಅವರು ಮರೆತ ಗುದ್ದಲಿಯೊಂದು ಅಲ್ಲೇ ಉಳಿಯಿತು.

ಸಸಿ ಬಾಡತೊಡಗಿತು. "ಗುದ್ದಲಿಯಣ್ಣ, ಬೇರು ಸುತ್ತಿಕೊಂಡು ಉಸಿರು ಕಟ್ಟುತ್ತಿದೆ. ಈ ಚೀಲ ಹರಿಯಣ್ಣ."

"ನನ್ನ ಬಾಯಿ ಹರಿತವಾಗಿಯೇ ಇದೆ ತಂಗಿ. ಹಿಡಿಯುವ ಕೈಯನ್ನು ಕೆಳಗೆ ಕಳಿಸಿಬಿಟ್ಟರಲ್ಲ!"

ಅಷ್ಟರಲ್ಲಿ ಮಣ್ಣಿನೊಳಗಿಂದ ಎರೆಹುಳು ಬಂದಿತು. ಗುದ್ದಲಿ ನಕ್ಕಿತು: "ಹಲ್ಲಿಲ್ಲದವಳು ನೀನೇನು ಹರಿಯುತ್ತೀಯೆ?"

"ಹಲ್ಲಿಲ್ಲದಿದ್ದರೇನು, ತಡವಿ ನೋಡಲು ಮೈಯಿದೆ" ಎಂದಿತು ಎರೆಹುಳು. ಚೀಲದ ಸುತ್ತ ಹರಿದಾಡಿ, ನೀರು ಬಸಿಯಲೆಂದು ಚುಚ್ಚಿದ್ದ ಸಣ್ಣ ತೂತೊಂದನ್ನು ಹುಡುಕಿತು. ಅದರ ಹೊರಗಿನ ಮಣ್ಣನ್ನು ತಿಂದು ತಿಂದು ಮೆದು ಮಾಡಿತು. "ಬಾ ಮಗಳೇ, ಒಂದೇ ಒಂದು ಬೇರು ಈಚೆ ಚಾಚು. ನಾನಿದ್ದೇನೆ."

ಕೂದಲೆಳೆಯಂಥ ಬೇರೊಂದು ಹೊರಬಂದು ಮಣ್ಣು ಮುಟ್ಟಿತು. ಸಸಿ ಒಂದು ಎಲೆಯನ್ನು ಮೇಲೆತ್ತಿತು.

"ಇನ್ನು ಬದುಕಿದೆನೇ, ಅವ್ವ?"

"ಈ ಮಳೆಗಾಲಕ್ಕೆ ಬದುಕಿದೆ, ಮಗಳೇ. ಬೇರು ದಪ್ಪವಾದರೆ ಇದೇ ತೂತು ನಿನ್ನ ಕತ್ತು ಹಿಸುಕುತ್ತದೆ. ಅಷ್ಟರಲ್ಲಿ ಕೈಯುಳ್ಳವರು ಬರಬೇಕು. ಅಲ್ಲಿಯವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ."

ಈ ಕಥೆ ಓದುತ್ತಿರುವ ನೀವೇ ಆ ಕೈಯುಳ್ಳವರು. ಊರಿಗೆ ಕಳಿಸಿದ ಕೂಲಿಯವರನ್ನು ಮತ್ತೆ ಕರೆಸಿ, ಅವರ ಜೊತೆ ಬೆಟ್ಟ ಹತ್ತಿ. ಗುದ್ದಲಿ ಅಲ್ಲೇ ಬಿದ್ದಿದೆ. ಚೀಲ ಹರಿಯಿರಿ.